ಬಿಡಿಸಿ ಜೋಡಿಸುವ ಮೆಟ್ಟಿಲು

ನಾನು ಕನ್ನಡಾಭಿಮಾನಿ. ಸರಸ್ವತಿಪುರಂನ ನಮ್ಮ ಬೀದಿಯ ಕನ್ನಡ ಸಂಘಕ್ಕೆ ನಾನೇ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ ಕಾರಣ ಅವಿರೋಧ ಆಯ್ಕೆ. ಮಾತಿನ ನಡುವೆ ಅಪ್ಪಿತಪ್ಪಿ ಇಂಗ್ಲಿಷ್ ಪದ ನುಸುಳಿದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಇಂಥವನಿಗೆ ಮನೆ ಮುಂದೆ ಮೆಟ್ಟಿಲು ಹಾಕಿಸುವುದು ಒಂದು ಕೆಲಸವೇ!

ಅಂಗಳದ ಸಂಪಿಗೆ ಮರದ ಬೇರು ನಮ್ಮ ವರಾಂಡದ ಮೆಟ್ಟಿಲುಗಳ ಕೆಳಗೆ ನುಗ್ಗಿ, ಸಿಮೆಂಟನ್ನು ಸೀಳಿ ಎತ್ತಿ ಹಾಕಿತ್ತು. ಚೂರುಗಳನ್ನು ತೆಗೆಸಿದ ಮೇಲೆ ವರಾಂಡಕ್ಕೆ ಹತ್ತುವುದು ಕುದುರೆ ಏರಿದ ಹಾಗಾಯಿತು. ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಹಾರುತ್ತಿದ್ದೆ. ಹೆಂಡತಿ ಸುಮಾ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದಳು.

ಹೀಗೇ ನಡೆದುಹೋಗುತ್ತಿತ್ತೋ ಏನೋ, ದಸರಾ ಬಂತು. ದಸರಾ ಎಂದರೆ ನಮ್ಮ ಮನೆಗೆ ದೊಡ್ಡಮ್ಮ ಬರಬೇಕು. ತಾಯಿಯಿಲ್ಲದ ಸುಮಾಳನ್ನು ಸಾಕಿದವರು, ಮದುವೆಯಲ್ಲಿ ಅವಳ ಕೈಗೆ ಪಟ್ಟದ ಗೊಂಬೆ ಕೊಟ್ಟವರು ಅವರೇ. ಪ್ರತಿ ವರ್ಷ ಪಾಡ್ಯದ ಸಂಜೆ ಅಗ್ರಹಾರದಿಂದ ಆಟೋದಲ್ಲಿ ಬಂದು ಆ ಮರದ ರಾಜ ರಾಣಿಗೆ ಮೊದಲ ಆರತಿ ಎತ್ತುತ್ತಾರೆ. ಆದರೆ ಈಗ ಅವರ ಮಂಡಿ ಕೈಕೊಟ್ಟಿದೆ. ಹೋದ ತಿಂಗಳು ಬಂದವರು ವರಾಂಡದ ಎತ್ತರ ನೋಡಿ, ಕೋಡುಬಳೆ ಡಬ್ಬಿಯನ್ನು ಗೇಟಿನಲ್ಲೇ ಕೊಟ್ಟು ಅದೇ ಆಟೋದಲ್ಲಿ ಹಿಂತಿರುಗಿದ್ದರು. ಆವತ್ತು ಸುಮಾ ಊಟ ಮಾಡಲಿಲ್ಲ.

"ಹಿತ್ತಿಲಿಂದ ಬರಲಿ ಬಿಡೆ" ಎಂದೆ.

"ಪಟ್ಟದ ಗೊಂಬೆ ಕೊಟ್ಟೋರನ್ನ ಬಟ್ಟೆ ಒಗೆಯೋ ಕಲ್ಲಿನ ಪಕ್ಕದಿಂದ ಕರೀಬೇಕೇನ್ರೀ? ದೊಡ್ಡಮ್ಮ ಮುಂಬಾಗಿಲಿಂದ ಬರ್ಲಿಲ್ಲ ಅಂದ್ರೆ ಈ ವರ್ಷ ಗೊಂಬೆನೇ ಕೂರ್ಸಲ್ಲ, ನೋಡಿ!"

ಪಕ್ಕದ ಮನೆ ಶಿವಣ್ಣನವರು ಕಾಂಪೌಂಡಿನ ಆಚೆಯಿಂದಲೇ ಪರಿಹಾರ ಎಸೆದರು. "ನಮ್ಮನೇಲಿ ಒಂದಿಪ್ಪತ್ತು ಸೈಜುಗಲ್ಲು ಬಿದ್ದವೆ ಸಾರ್, ತಂದಿಡ್ಲಾ?"

ಸೈಜುಗಲ್ಲು! ಪಾಯಕ್ಕೆ ಹಾಕುವ ಒರಟು ಕಲ್ಲನ್ನು ಕಾರ್ಯದರ್ಶಿಯ ಮನೆ ಮುಂದೆ ಇಡುವುದೇ? ಸೌಂದರ್ಯಪ್ರಜ್ಞೆ ಎನ್ನುವುದು ಬೇಡವೇ? ಅಷ್ಟು ಹೊತ್ತಿಗೆ ನಾನು ಫೋನಿನಲ್ಲಿ ಹೊಸ ಲೋಕವನ್ನೇ ಕಂಡಿದ್ದೆ. 'ಫ್ರೀಸ್ಟ್ಯಾಂಡಿಂಗ್ ಮಾಡ್ಯುಲರ್ ಸ್ಟೆಪ್ಸ್' ಅಂತೆ. ನೆಲ ಅಗೆಯುವಂತಿಲ್ಲ, ಗಾರೆ ಕಲಸುವಂತಿಲ್ಲ. ತಂದು ಜೋಡಿಸಿದರೆ ನಿಲ್ಲುತ್ತದೆ, ಬೇರು ಎದ್ದರೆ ಪಕ್ಕಕ್ಕೆ ಸರಿಸಬಹುದು. ಮೂರು ದಿನ ಬಣ್ಣ, ಅಗಲ, ಅಂದ ಎಲ್ಲ ತೂಗಿ ನೋಡಿ, ಕೊನೆಗೆ ಊರಿನ ಅಂಗಡಿಯೊಂದಕ್ಕೇ ಫೋನು ಮಾಡಿದೆ. ಮಾಡುವಾಗ ಅಭಿಮಾನ ಜಾಗೃತವಾಯಿತು. ಇಷ್ಟುದ್ದ ಇಂಗ್ಲಿಷ್ ಯಾಕೆ? ಅಚ್ಚಗನ್ನಡದಲ್ಲಿ ಹೇಳಿದೆ: "ಬಿಡಿಸಿ ಜೋಡಿಸುವ ಮೆಟ್ಟಿಲು ಬೇಕಾಗಿತ್ತು."

ಅಂಗಡಿಯವನಿಗೆ ತಕ್ಷಣ ಅರ್ಥವಾಯಿತು. ಕನ್ನಡದ ಶಕ್ತಿ!

"ಮೂರಾ, ಐದಾ, ಏಳಾ ಸಾರ್?"

"ನಾಲ್ಕು ಸಾಕಿತ್ತು."

"ನಾಲ್ಕು ಬರಲ್ಲ ಸಾರ್. ಬೆಸನೇ ಆಗ್ಬೇಕು."

ವಾಸ್ತು ಇರಬೇಕು ಎಂದುಕೊಂಡು ಐದಕ್ಕೆ ಒಪ್ಪಿದೆ. "ಭಾರ ತಡೆಯುತ್ತದೆ ತಾನೇ?"

"ಏನ್ ಸಾರ್ ಇಂಗಂತೀರಾ! ರಾಜ ರಾಣಿನೇ ನಿಂತ್ಕೋತಾರೆ. ಆನೆ, ಅಂಬಾರಿ, ಏನ್ ಬೇಕಾದ್ರೂ ನಿಲ್ಸಿ!"

ಮೈಸೂರಿನ ಅಂಗಡಿಯವರಿಗೆ ಅರಮನೆಯನ್ನು ಎಳೆದು ತರದೆ ಚಪ್ಪಲಿಯನ್ನೂ ಮಾರಲು ಬಾರದು. ಆದರೂ ಆನೆ ನಿಲ್ಲುವಲ್ಲಿ ದೊಡ್ಡಮ್ಮ ನಿಲ್ಲಲಾರರೇ?

"ಮೇಲೆ ಕೆಂಪು ಬಟ್ಟೆ ಬೇಕಾ ಸಾರ್?"

"ಖಂಡಿತ ಹಾಸಿ! ಹಿರಿಯರು ಬರುತ್ತಿದ್ದಾರೆ" ಎಂದೆ. ಎಂಥ ಸಂಸ್ಕಾರವಂತ ಅಂಗಡಿ!

ಪಾಡ್ಯದ ಮಧ್ಯಾಹ್ನ ಮೆಟ್ಟಿಲು ಬಂತು. ಸುಮಾ ಒಳಗೆ ಟ್ರಂಕುಗಳನ್ನು ಪೇರಿಸಿ ಗೊಂಬೆ ಕೂರಿಸುವುದರಲ್ಲಿ ಮುಳುಗಿದ್ದಳು. ನಾನೇ ಗುಟ್ಟಾಗಿ ಜೋಡಿಸಿ, ಬಟ್ಟೆ ಹಾಸಿ, ಹಿಂದೆ ಸರಿದು ನೋಡಿದೆ. ಭವ್ಯವಾಗಿತ್ತು. ಹಲಗೆ ಸ್ವಲ್ಪ ತೆಳು ಎನಿಸಿತು. ಹೊಸ ತಂತ್ರಜ್ಞಾನ ಇರಬೇಕು. ಇಂಥದ್ದನ್ನು ಸುಮ್ಮನೆ ಹತ್ತಿಬಿಡುವುದೇ? ರೇಷ್ಮೆ ಪಂಚೆ ಉಟ್ಟು, ಜರಿ ಶಲ್ಯ ಹೊದ್ದು, ಸಂಘದ ಸನ್ಮಾನಕ್ಕೆಂದು ತಂದಿಟ್ಟಿದ್ದ ಮೈಸೂರು ಪೇಟ ಧರಿಸಿ, ಅಡ್ಡಲಾಗಿ ಟೇಪು ಕಟ್ಟಿ, ಶಿವಣ್ಣನವರನ್ನು ಸಭಿಕರಾಗಿ ಕರೆದೆ. ಟೇಪು ಕತ್ತರಿಸಿ ಒಂದೊಂದು ಮಾತಿಗೂ ಒಂದೊಂದು ಮೆಟ್ಟಿಲಿನಂತೆ ಏರತೊಡಗಿದೆ. ಮೊದಲನೆಯದು ಕಿರ್ ಎಂದಿತು. ಎರಡನೆಯದು ನರಳಿತು.

"ಮಾತೃಭಾಷೆಯಲ್ಲಿ ವ್ಯವಹರಿಸಿದರೆ ಆಗದ ಕೆಲಸವೇ ಇಲ್ಲ—"

"ರೀ!" ಬಾಗಿಲಲ್ಲಿ ಸುಮಾ ಕೂಗಿದಳು. "ಅದು ಗೊಂಬೆ ಕೂರ್ಸೋ ಮೆಟ್ಟಿಲು ಕಣ್ರೀ!"

ಲಟಕ್!

ಮೂರನೆಯ ಹಲಗೆ ಸೀಳಿ ನನ್ನ ಬಲಗಾಲು ತೊಡೆಯವರೆಗೂ ಒಳಗೆ ಇಳಿಯಿತು. ಎಡಗಾಲು ಮಡಿಚಿಕೊಂಡಿತು. ಪೇಟ ಮಾತ್ರ ಅಲುಗಲಿಲ್ಲ. ಅದೇ ಶುಭ ಮುಹೂರ್ತದಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ದೊಡ್ಡಮ್ಮ ಇಳಿದರು, ಕನ್ನಡಕ ಸರಿಮಾಡಿಕೊಂಡರು, ಕೆಂಪು ಬಟ್ಟೆಯ ನಡುವೆ ಜರಿ ಶಲ್ಯದಲ್ಲಿ ರಾರಾಜಿಸುತ್ತಿದ್ದ ನನ್ನನ್ನು ದಿಟ್ಟಿಸಿದರು.

"ಏನೇ ಸುಮಾ, ಈ ವರ್ಷ ಪಟ್ಟದ ರಾಜನ್ನ ಅಂಗಳದಲ್ಲೇ ಕೂರ್ಸಿದೀಯಾ?"

ಶಿವಣ್ಣನವರು ಕಾಂಪೌಂಡು ಹಿಡಿದುಕೊಂಡು ನಕ್ಕರು. ಆಟೋದವನೂ ನಕ್ಕ. ಸುಮಾ ನಗಲಿಲ್ಲ. ವರಾಂಡದ ಅಂಚಿನಲ್ಲಿ ನಿಂತು ಕೆಳಗಿದ್ದ ದೊಡ್ಡಮ್ಮನನ್ನು ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಅದನ್ನು ಕಂಡು ಕಾಲಿಗಿಂತ ಹೆಚ್ಚು ಎದೆ ನೊಂದಿತು. ಕಾರ್ಯದರ್ಶಿಗಿರಿ, ಸೌಂದರ್ಯಪ್ರಜ್ಞೆ ಎಲ್ಲ ಬದಿಗಿಟ್ಟು, ಕುಳಿತಲ್ಲಿಂದಲೇ ಕೈಮುಗಿದೆ.

"ಶಿವಣ್ಣನವರೇ, ಆ ಸೈಜುಗಲ್ಲು ಇನ್ನೂ ಇದೆಯಾ?"

ಇತ್ತು. ಅವರೂ ಆಟೋದವನೂ ಸೇರಿ ಕಲ್ಲು ತಂದು, ನಾನು ಸಿಕ್ಕಿಕೊಂಡಿದ್ದ ಮೆಟ್ಟಿಲ ಬದಿಗೇ ಒಂದರ ಪಕ್ಕ ಒಂದು, ಒಂದರ ಮೇಲೊಂದು ಇಟ್ಟರು. ನೆಲ ಅಗೆಯಲಿಲ್ಲ, ಗಾರೆ ಕಲಸಲಿಲ್ಲ. ತಂದು ಜೋಡಿಸಿದರು, ನಿಂತಿತು! ಮೇಲೆ ನನ್ನ ಕೆಂಪು ಬಟ್ಟೆ ಹಾಸಿದರು. ಸುಮಾ ಕೈ ನೀಡಿದಳು. ದೊಡ್ಡಮ್ಮ ನಿಧಾನವಾಗಿ, ಒಂದೊಂದೇ ಹೆಜ್ಜೆ ಇಟ್ಟು, ಮುಂಬಾಗಿಲಿನಿಂದಲೇ ಒಳಗೆ ಹೋದರು. ಆರತಿ ಹಾಡು ಕೇಳಿಸುವಾಗಲೂ ನಾನು ಹೊರಗೇ ಇದ್ದೆ. ಹಲಗೆಯಿಂದ ನನ್ನನ್ನು ಬಿಡಿಸುವ ಕೆಲಸ ಇನ್ನೂ ಬಾಕಿಯಿತ್ತು.

ಅಂಗಡಿಯವನಿಗೆ ಫೋನು ಮಾಡಿ ದಬಾಯಿಸಿದೆ. "ಮೈಸೂರಲ್ಲಿ ದಸರಾ ಟೈಮಲ್ಲಿ ಮೆಟ್ಟಿಲು ಅಂದ್ರೆ ಇನ್ನೇನ್ ಸಾರ್?" ಎಂದ. "ಮನುಷ್ಯರು ಹತ್ತೋದಾದ್ರೆ ಸ್ಟೆಪ್ಸ್ ಅನ್ಬೇಕು!"

ಮುರಿದದ್ದು ಹೋಗಿ ಮೆಟ್ಟಿಲು ನಾಲ್ಕಾಯಿತು. ಸಮಸಂಖ್ಯೆ ಕೂಡದೆಂದು ದೊಡ್ಡಮ್ಮ ಇನ್ನೊಂದನ್ನೂ ತೆಗೆಸಿದರು. ಒಳಗೆ ತಂದಿಟ್ಟ ಉಳಿದ ಮೂರರ ಮೇಲೆ, ಟ್ರಂಕಿನಿಂದ ಇಳಿದ ಗೊಂಬೆಗಳು ಚೆನ್ನಾಗಿಯೇ ಕುಳಿತವು. ಕಾಲು ಉಳುಕಿದ ನನ್ನನ್ನು ಅವುಗಳ ಪಕ್ಕದ ದಿವಾನ್ ಮಂಚಕ್ಕೆ ಹಾಕಿದರು. ಗೊಂಬೆ ನೋಡಲು ಬಂದ ಬೀದಿಯ ಹೆಂಗಸರೆಲ್ಲ ಅವಕ್ಕೆ ಆರತಿ ಎತ್ತಿದರು. ನನಗೆ ಸುಮಾ ದಿನವೂ ಮಂಗಳಾರತಿ ಎತ್ತಿದಳು.

ಪದ್ಧತಿಯ ಪ್ರಕಾರ ಪಟ್ಟದ ರಾಜನನ್ನು ಮಲಗಿಸುವುದು ವಿಜಯದಶಮಿಯಂದು. ನಮ್ಮ ಮನೆಯಲ್ಲಿ ಈ ಸಲ ಪಾಡ್ಯದ ದಿನವೇ ಮಲಗಿಸಿದರು!