ಬಂದೂಕುಪ್ರಿಯರ ಬೇಸಿಗೆ ಓದಿನ ಹನ್ನೆರಡನೆಯ ಪುಸ್ತಕ

ಬಂದೂಕುಪ್ರಿಯರ ಮಾಸಪತ್ರಿಕೆಯ ಘನತೆವೆತ್ತ ಸಂಪಾದಕರ ಸನ್ನಿಧಿಗೆ,

ಮಾನ್ಯರೇ,

ಇಪ್ಪತ್ತಾರು ವರ್ಷಗಳಿಂದ ಒಂದೇ ಬಡಾವಣೆಯ ಗ್ರಂಥಾಲಯದಲ್ಲಿ, ಕಾಲು ಅಲುಗಾಡುವ ಒಂದೇ ಮೇಜಿನ ಹಿಂದೆ ಕೂತು, ಓದುವವರು ಕಡಿಮೆಯಾದರೆಂದು ದಿನಾ ಗೊಣಗುವ ನನ್ನಂಥವಳಿಗೆ, ತಾವು ಬೇಸಿಗೆ ಸಂಚಿಕೆಯಲ್ಲಿ ‘ರಜೆಯಲ್ಲಿ ಬಂದೂಕುಪ್ರಿಯರು ಓದಲೇಬೇಕಾದ ಹನ್ನೆರಡು ಪುಸ್ತಕಗಳು’ ಎಂಬ ಪಟ್ಟಿ ಕೊಟ್ಟಿದ್ದೀರೆಂದು ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. ಬಂದೂಕು ಹಿಡಿಯುವ ಕೈಗಳು ಪುಸ್ತಕವನ್ನೂ ಹಿಡಿಯಲಿ ಎಂದು ಹಾರೈಸಿದ ತಮಗೆ ಮೊದಲಿಗೆ ದೀರ್ಘದಂಡ ನಮಸ್ಕಾರ.

ಪಟ್ಟಿಯನ್ನು ತರಿಸಿ ಓದಿದೆ. ನಳಿಗೆಗೆ ಎಣ್ಣೆ ಹಾಕುವ ಕ್ರಮದ ಬಗ್ಗೆ ನಾನೂರು ಪುಟ, ಒಂದೇ ಅಳತೆಯ ಗುಂಡಿನ ಚರಿತ್ರೆ ಮೂರು ಭಾಗಗಳಲ್ಲಿ, ಕೊಂದ ಪ್ರಾಣಿಗಳನ್ನು ಹೆಂಡತಿಗಿಂತ ಹೆಚ್ಚು ಪ್ರೀತಿಯಿಂದ ನೆನೆದುಕೊಂಡ ಬೇಟೆಗಾರರೊಬ್ಬರ ಆತ್ಮಕಥೆ. ರುಚಿ ಅವರವರದು, ನಾನು ಮೂಗು ಮುರಿಯುವುದಿಲ್ಲ. ಆದರೆ ಹನ್ನೆರಡನೆಯದಕ್ಕೆ ತಾವು ಹೆಸರೇ ಕೊಟ್ಟಿಲ್ಲ. ‘ಮನೆಯಲ್ಲಿ ಯಾರೂ ತೆರೆಯದ ಯಾವುದಾದರೂ ದಪ್ಪ ಪುಸ್ತಕ’ ಎಂದು ಬರೆದು, ಒಳಪುಟಗಳನ್ನು ಕೊರೆದು ತೆಗೆದರೆ ಪಿಸ್ತೂಲು ಅದರಲ್ಲಿ ಹೇಗೆ ಬೆಚ್ಚಗೆ ಮಲಗುತ್ತದೆ ಎಂದು ಚಿತ್ರವನ್ನೂ ಹಾಕಿದ್ದೀರಿ. ಪುಸ್ತಕವನ್ನು ಹೀಗೂ ಬಳಸಬಹುದೆಂದು ಇಷ್ಟು ವರ್ಷವಾದರೂ ತಿಳಿಯದೇ ಹೋದ ನನ್ನ ಅಜ್ಞಾನಕ್ಕೆ ನಾಚಿಕೆಯಾಯಿತು.

ತಮ್ಮ ಚಂದಾದಾರರೊಬ್ಬರು, ನಮ್ಮ ಬೀದಿಯ ಹಲ್ಲಿನ ಡಾಕ್ಟರು, ಈ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದರು. ಅವರ ಮನೆಯಲ್ಲಿ ದಪ್ಪ ಪುಸ್ತಕ ಇರಲಿಲ್ಲ. ತೆಳ್ಳನೆಯದೂ ಇರಲಿಲ್ಲ ಅನ್ನಿ. ಹಾಗಾಗಿ ಜೀವಮಾನದಲ್ಲೇ ಮೊದಲ ಸಲ ಗ್ರಂಥಾಲಯದ ಮೆಟ್ಟಿಲು ಹತ್ತಿ, ಸದಸ್ಯರಾಗಿ, ಹಕ್ಕಿಗಳ ಬಗೆಗಿನ ಎಂಟುನೂರು ಪುಟದ ಪುಸ್ತಕವೊಂದನ್ನು ಒಯ್ದರು. ಹಲ್ಲು ಕೊರೆದು ಪಳಗಿದ ಕೈ ಹಕ್ಕಿಗಳನ್ನೂ ಅಚ್ಚುಕಟ್ಟಾಗಿಯೇ ಕೊರೆದಿತ್ತು ಎಂಬುದನ್ನು ಒಪ್ಪಲೇಬೇಕು. ಎರವಲು ತಂದ ಪುಸ್ತಕವನ್ನು ಹಿಂದಿರುಗಿಸಬೇಕಾಗುತ್ತದೆ ಎಂಬ ಸಣ್ಣ ಸಂಗತಿಯನ್ನು ತಾವು ಬರೆದಿರಲಿಲ್ಲ, ಅವರಿಗೂ ಹೊಳೆಯಲಿಲ್ಲ.

ನೆನಪಿಸಿದವಳು ನಾನು. ಗಡುವು ಮೀರಿದ ಪುಸ್ತಕವಿದ್ದರೆ ನನಗೆ ಊಟ ಸೇರುವುದಿಲ್ಲ; ಮೂರು ಸಲ ಅವರ ಮನೆಗೆ ಫೋನು ಮಾಡಿದೆ. ಮೂರನೆಯ ಸಲಕ್ಕೆ ಅವರ ಹೆಂಡತಿ, ಪಾಪ, ಮಾನವಂತೆ, ಕಪಾಟಿನಿಂದ ಪುಸ್ತಕ ಎಳೆದು, ಹಾಳೆ ಸಡಿಲವಾಗಿರಬೇಕೆಂದುಕೊಂಡು ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡನ್ನೂ ಬಿಚ್ಚದೆ ತಂದು, “ಏನ್ ಭಾರ ಕಣ್ರೀ ಇದು, ಯಾರ್ ಓದ್ತಾರೋ ಇಂಥದ್ನ” ಎಂದು ಮೇಜಿನ ಮೇಲಿಟ್ಟು ಹೋದರು.

ನಮ್ಮಲ್ಲಿ ಒಂದು ಪದ್ಧತಿ ಇದೆ, ಮಾನ್ಯರೇ. ಹಿಂದಕ್ಕೆ ಬಂದ ಪ್ರತಿ ಪುಸ್ತಕವನ್ನೂ ಬೆನ್ನು ಹಿಡಿದು ತಲೆಕೆಳಗು ಮಾಡಿ ಕೊಡವುತ್ತೇವೆ. ಬಸ್ ಟಿಕೆಟ್ಟು, ಹೇರ್‌ಪಿನ್ನು, ಒಮ್ಮೊಮ್ಮೆ ಯಾರದೋ ಪ್ರೇಮಪತ್ರ ಉದುರುತ್ತವೆ. ರಜೆಯಲ್ಲಿ ಈ ಕೆಲಸ ನನ್ನ ಎಂಟು ವರ್ಷದ ಮೊಮ್ಮಗಳದು. ಏನು ಉದುರಿದರೂ ಮೊದಲು ನೋಡುವ ಹಕ್ಕು ಅವಳದೆಂದು ನಮ್ಮಿಬ್ಬರ ಒಪ್ಪಂದ. ಅವಳು ರಬ್ಬರ್ ಬ್ಯಾಂಡು ತೆಗೆದು ಕೊಡವಿದಳು. ಪಿಸ್ತೂಲು ಅವಳ ಪಾದದ ಪಕ್ಕ ಕಲ್ಲುಹಾಸಿನ ಮೇಲೆ ಬಿತ್ತು. ಪುಣ್ಯಕ್ಕೆ ಗುಂಡು ಹಾರಲಿಲ್ಲ. “ಅಜ್ಜಿ, ಮೊದ್ಲು ನಾನೇ ನೋಡೋದು” ಎಂದು ಎತ್ತಿಕೊಂಡು, ನಳಿಗೆಯ ತೂತಿನೊಳಗೆ ಒಂದು ಕಣ್ಣು ಮುಚ್ಚಿ ಇಣುಕಿದಳು. ಅದನ್ನು ಅವಳ ಕೈಯಿಂದ ಬಿಡಿಸಿ, ಠಾಣೆಗೆ ಫೋನು ಮಾಡಿದೆ. ಠಾಣೆಯಿಂದ ಬಂದ ಪೇದೆ ಅದರೊಳಗಿಂದ ಆರು ಗುಂಡು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

ತಮ್ಮ ಚಂದಾದಾರರೂ ಏದುಸಿರು ಬಿಡುತ್ತ ಓಡಿಬಂದರು. “ಕೆಳಗೆ ಬಿತ್ತಂತಲ್ಲ, ಎಲ್ಲೂ ಗೀರು ಬಿದ್ದಿಲ್ಲ ತಾನೆ?” ಎಂದು ಕೇಳಿದರು. ಮಗುವಿನ ವಿಷಯ ಕೇಳುತ್ತಿದ್ದಾರೆಂದುಕೊಂಡು, ಇಲ್ಲ, ದೇವರು ದೊಡ್ಡವನು ಎಂದೆ. ಅವರು ಆಗಲೇ ಮೇಜಿನ ಮೇಲಿಂದ ಪಿಸ್ತೂಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಆದ್ದರಿಂದ ತಮ್ಮಲ್ಲಿ ಒಂದೆರಡು ವಿನಂತಿ. ಬರುವ ಬೇಸಿಗೆಯ ಪಟ್ಟಿಯಲ್ಲಿ, ಪಿಸ್ತೂಲಿನ ಜೊತೆ ಪೆಟ್ಟಿಗೆಯಲ್ಲೇ ಬರುವ, ಗುಂಡು ತೆಗೆದು ಬೀಗ ಹಾಕಿಡಿ ಎಂದು ಹೇಳುವ ಎಂಟು ಪುಟದ ಪುಸ್ತಿಕೆಗೆ ಮೊದಲ ಸ್ಥಾನ ಕೊಡಿ. ಅಷ್ಟು ಓದು ತಮ್ಮವರಿಗೆ ಹೊರೆಯಾಗುವುದಾದರೆ ವಾರಕ್ಕೊಂದು ಪುಟದಂತೆ ರಜೆಯಿಡೀ ಹಂಚಿಕೊಳ್ಳಲಿ. ಇನ್ನೊಂದು, ಬಿಡುವಾದಾಗ ತಾವೇ ಬಂದು ನನ್ನ ಮೊಮ್ಮಗಳ ಮುಂದೆ ಒಂದು ಪುಸ್ತಕ ತೆರೆದು ತೋರಿಸಿ. ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ ಇಟ್ಟುಕೊಳ್ಳುತ್ತಿದ್ದ ಹುಡುಗಿ ಈಗ ಮಾರು ದೂರ ನಿಂತು, ಸ್ಕೇಲಿನ ತುದಿಯಿಂದ ರಟ್ಟು ಎತ್ತಿ, ಒಳಗೆ ಬರೀ ಅಕ್ಷರ ಇದೆಯೆಂದು ಖಾತ್ರಿಯಾದ ಮೇಲೂ ಹತ್ತಿರ ಬರುವುದಿಲ್ಲ. ಫೋನು ಮಾಡಿ ತರಿಸಿಕೊಂಡವಳು ನಾನು, ಕೊಡವಲು ಕಲಿಸಿದವಳೂ ನಾನು. ಆ ಸಂಕಟ ನನಗಿದೆ. ತಮಗೆ ಯಾವ ಸಂಕಟವೂ ಇಲ್ಲದಿರುವುದನ್ನು ಕಂಡು ನನಗೆ ಮೈಯೆಲ್ಲ ಉರಿಯುತ್ತದೆ.

ಇಂತಿ,
ತಮ್ಮ ವಿಶ್ವಾಸಿ,
ಬಡಾವಣೆಯ ಗ್ರಂಥಪಾಲಕಿ

ಮರೆತ ಮಾತು: ಪರವಾನಗಿ ಸರಿಯಿದೆಯೆಂದು ಡಾಕ್ಟರಿಗೆ ಠಾಣೆಯಿಂದ ಪಿಸ್ತೂಲು ವಾಪಸು ಸಿಕ್ಕಿತಂತೆ. ನಿನ್ನೆ ಗ್ರಂಥಾಲಯಕ್ಕೆ ಬಂದು ಇನ್ನೊಂದು ಪುಸ್ತಕ ಬೇಕೆಂದರು. ಯಾವ ವಿಷಯದ್ದು ಎಂದು ಕೇಳಿದೆ. “ಯಾವುದಾದ್ರೂ ಆಯ್ತು, ದಪ್ಪ ಇರ್ಲಿ” ಎಂದರು.