ಜೀಪಿನ ಹೊಟ್ಟೆ ಬಗೆದ ನಮ್ಮನೆಯವರು

ಸ್ಪ್ಯಾನರ್ ಹಿಡಿದ ಗಂಡನ ಜತೆ ಸಂಸಾರ ಮಾಡಿದವಳಿಗೆ ವಾರಕ್ಕೊಮ್ಮೆಯಾದರೂ ಎದೆ ಧಸಕ್ಕೆನ್ನದಿದ್ದರೆ ಏನೋ ಬಾಕಿ ಉಳಿದಂತೆ ಅನಿಸುತ್ತದೆ.

ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪೊಂದನ್ನು ನಮ್ಮನೆಯವರು ಮರವಂತೆ ಹತ್ತಿರದ ನಮ್ಮ ಮನೆಯಂಗಳಕ್ಕೆ ತಂದು ನಿಲ್ಲಿಸಿದ್ದು ಅರವತ್ತರ ದಶಕದ ಶುರುವಿನಲ್ಲಿ. ತಿರುಗಾಟಕ್ಕಂತೂ ಆಯಿತು, ಆದರೆ ಅವರ ಕಣ್ಣು ಇದ್ದದ್ದು ತೆಂಗಿನ ತೋಟದ ಮೇಲೆ. ಊರಿಗೆ ಕರೆಂಟು ಬಂದಿರಲಿಲ್ಲ. ಜೀಪಿನ ಎಂಜಿನ್ನಿನಿಂದಲೇ ಪಂಪು ತಿರುಗಿಸಿ ಕೆರೆಯ ನೀರು ಎತ್ತುವುದು ಅವರ ಹಂಚಿಕೆ. ಗೇರ್ ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಇರುತ್ತದೆ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಪಾಲು ಮಾಡುವುದು ಅದು. ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಕಳಚಿ, ಆ ಜಾಗದಲ್ಲಿ ಬೆಲ್ಟ್ ಸುತ್ತುವ ರಾಟೆ ಕೂರಿಸುತ್ತೇನೆ ಅಂದರು.

"ಇದೆಲ್ಲ ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಬಿಚ್ಚಿದ್ ಮೇಲೆ ಗೊತ್ತಾತ್ತ್," ಅಂದರು.

ಗಂಜಿಯಲ್ಲಿ ಸಿಕ್ಕಿದ್ದು

ಪೆಟ್ಟಿಗೆಯನ್ನು ಜಗಲಿಗೇ ತಂದು ಬಿಚ್ಚಿದರು. ಪಕ್ಕದಲ್ಲಿ ನಮ್ಮತ್ತೆ ಗೆರಸಿಯಲ್ಲಿ ಕುಚ್ಚಲಕ್ಕಿ ಇಟ್ಟುಕೊಂಡು ಕಲ್ಲು ಹೆಕ್ಕುತ್ತಾ ಕೂತಿದ್ದರು. ಇವರು ಒಳಗಿನ ಒಂದು ಸರಳನ್ನು ಎಳೆದದ್ದೇ ತಡ, ಅದರ ಸುತ್ತ ಇದ್ದ ಸೂಜಿ ಬೇರಿಂಗುಗಳು ಮಳೆ ಸುರಿದ ಹಾಗೆ ಸುರಿದವು. ಒಂದೊಂದೂ ಅಕ್ಕಿಕಾಳಿಗಿಂತ ತುಸು ಉದ್ದ, ಅಷ್ಟೇ. ಅರ್ಧದಷ್ಟು ಗೆರಸಿಗೇ ಹಾರಿದವು. ಮಧ್ಯಾಹ್ನವಿಡೀ ಮೂವರೂ ಕೂತು ಅಕ್ಕಿಯಿಂದ ಕಬ್ಬಿಣ ಹೆಕ್ಕಿದೆವು. ಒಂದು ಮಾತ್ರ ಸಿಗಲಿಲ್ಲ.

ಮಾರನೇ ದಿನ ಗಂಜಿ ಉಣ್ಣುವಾಗ ಅತ್ತೆಯ ಬಾಯಲ್ಲಿ 'ಕಟಕ್' ಅಂತ ಸದ್ದಾಯಿತು. ಅತ್ತೆ ಅಂಗೈಗೆ ಉಗಿದರು: ಒಂದು ಸೂಜಿ, ಜತೆಗೆ ದವಡೆ ಹಲ್ಲಿನ ಚೂರು. ಇವರು ಬಟ್ಟಲು ಬಿಟ್ಟು ಹಾರಿ ಬಂದು, ಸೂಜಿಯನ್ನು ತೊಳೆದು, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ದೇವ್ರ್ ದೊಡ್ಡವ. ಎಂತ ಆಯಿಲ್ಲೆ!"

ಅತ್ತೆ ಕೆನ್ನೆ ಹಿಡಿದುಕೊಂಡೇ, "ನೋವಿತ್ ಮಗಾ, ಒಂಚೂರ್ ತುಂಡಾಯ್ತ್ ಕಾಣತ್," ಅಂದರು.

"ಹಲ್ಲಲ್ಲ ಅಮ್ಮ, ನಾ ಸೂಜಿಗೆ ಹೇಳ್ದ್!"

ಇರುವೆ ಸಾಲು

ಪೆಟ್ಟಿಗೆ ಮತ್ತೆ ಜೀಪಿನಡಿ ಸೇರಿತು. ಒಳಗೆ ಗೇರ್ ಆಯಿಲ್ ತುಂಬಬೇಕು. ಮಂದವಾದ ಕಪ್ಪು ಎಣ್ಣೆ ಅದು. ಇವರು ಅದನ್ನು ನನ್ನ ಹಳೇ ಭರಣಿಯೊಂದರಲ್ಲಿ ಇಟ್ಟಿದ್ದರು. ಅಂಥದ್ದೇ ಇನ್ನೊಂದು ಭರಣಿಯಲ್ಲಿ ನಮ್ಮ ಜೋನಿ ಬೆಲ್ಲ, ಪಾಕದ ಹಾಗೆ ಹರಿಯುವ ಕಪ್ಪು ಬೆಲ್ಲ.

ಮರುದಿನ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ತುಳಸಿಕಟ್ಟೆಯಿಂದ ಹೊರಟ ಇರುವೆ ಸಾಲು ನೇರ ಜೀಪಿನಡಿಗೆ ಹೋಗಿ, ಚಕ್ರ ಹತ್ತಿ, ಪೆಟ್ಟಿಗೆಯೊಳಗೆ ಮಾಯವಾಗುತ್ತಿತ್ತು. ಬಗ್ಗಿ ನೋಡಿದೆ. ಬೋಲ್ಟಿನ ಸಂದಿನಲ್ಲಿ ಜಿನುಗುತ್ತಿದ್ದುದನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ತಾಗಿಸಿದೆ.

"ಹ್ವಾಯ್, ನೀವ್ ಇದ್ರೊಳ್ಗೆ ಎಂತ ಹೊಯ್ದದ್ದ್?"

"ಆಯಿಲ್. ಎಂತಕೆ?"

"ಸಿಹಿ ಇತ್ತಲೆ!"

ಇವರೂ ನೆಕ್ಕಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಆಗಲೇ ಒಳಗಿನಿಂದ ಊರಿನ ಮೇಷ್ಟ್ರ ದನಿ ಕೇಳಿಸಿತು. ಯಾವುದೋ ಕೆಲಸಕ್ಕೆ ಬಂದಿದ್ದ ಅವರನ್ನು ಅತ್ತೆ ದೋಸೆಗೆ ಕೂರಿಸಿದ್ದರು.

"ಅಮ್ಮ, ದೋಸೆ ಲಾಯ್ಕ ಇತ್. ಬೆಲ್ಲ ಮಾತ್ರ ಈ ಸರ್ತಿ ಒಂಚೂರ್ ಕಮಟ್!"

ರಿವರ್ಸ್ ನೀರು

ಬೆಲ್ಲ ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ನಿಜವಾದ ಆಯಿಲ್ ತುಂಬಿ, ಜೀಪನ್ನು ಕೆರೆದಂಡೆಗೆ ಒಯ್ದರು. ನೋಡಲು ಊರೇ ಸೇರಿತ್ತು. ಬೆಲ್ಟ್ ಹಾಕಿ ಎಂಜಿನ್ ಬಿಟ್ಟರೆ ಪಂಪು ಉಲ್ಟಾ ತಿರುಗಿತು. ಇವರು ಹೆದರಲಿಲ್ಲ. "ರಿವರ್ಸ್ ಗೇರ್ ಹಾಕ್ರೆ ಸಮಾ ಆತ್ತ್," ಅಂದರು.

ಪಕ್ಕದ ಮನೆಯ ಅಜ್ಜ ಗಾಬರಿಯಾಗಿ ಮುಂದೆ ಬಂದರು. "ಮಾರಾಯ, ರಿವರ್ಸ್ ಹಾಕ್ರೆ ತೋಟದ್ ನೀರೆಲ್ಲ ಕೆರೆಗ್ ವಾಪಸ್ ಬಪ್ದಲ್ದಾ?"

ನಮ್ಮನೆಯವರು ಗೇರಿನ ಮೇಲೆ ಕೈಯಿಟ್ಟುಕೊಂಡೇ ಒಂದು ಗಳಿಗೆ ಪೈಪಿನ ಕಡೆ ನೋಡಿದರು.

ಅತ್ತೆಯ ಸವಾರಿ

ನೀರಂತೂ ಬಂತು. ಆಮೇಲೆ ಕಳಚಿದ ಶಾಫ್ಟನ್ನು ವಾಪಸ್ ಹಾಕುವ ಮನಸ್ಸೇ ಇವರಿಗಾಗಲಿಲ್ಲ. "ಮುಂದಿನ್ ಚಕ್ರ ಎಳಿತ್ತಲೆ, ಸಾಕ್," ಅಂತ ಹಾಗೇ ಓಡಿಸತೊಡಗಿದರು.

ಬೈಂದೂರಿನ ನೆಂಟರ ಮನೆಯಲ್ಲಿ ಸೀಮಂತವಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ, ಧೂಳಿಗೆ ತಲೆ ತುಂಬ ಸೆರಗು ಹೊದ್ದು, ಹಿಂದಕ್ಕೆ ಮುಖ ಮಾಡಿ ತೂಕಡಿಸುತ್ತಿದ್ದರು. ನೆಂಟರ ಮನೆಗೆ ಇಳಿಯುವ ಇಳಿಜಾರಿನ ತುದಿಯಲ್ಲಿ ಇವರು ಎಂಜಿನ್ ಆಫ್ ಮಾಡಿ, ಗೇರ್ ತೆಗೆದು, ಮುಂದಿನ ಚಕ್ರಕ್ಕೆ ಎಂಜಿನ್ ಸೇರಿಸುವ ಲಿವರನ್ನೂ ಅಭ್ಯಾಸಬಲದಿಂದ ಬಿಡಿಸಿ, ಹ್ಯಾಂಡ್ ಬ್ರೇಕ್ ಎಳೆದು ದಾರಿ ಕೇಳಲು ಇಳಿದರು. ನಾನು ಸೀರೆ ಸರಿಮಾಡಿಕೊಳ್ಳಲು ಇಳಿದೆ. ಆ ಜೀಪಿನ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಶಾಫ್ಟಿನ ತಲೆಯನ್ನು. ಶಾಫ್ಟು ನಮ್ಮ ಜಗಲಿಯ ಮೂಲೆಯಲ್ಲಿತ್ತು.

ನಾನು ತಿರುಗಿ ನೋಡುವಾಗ ಜೀಪು ಸದ್ದಿಲ್ಲದೆ ಹೊರಟಿತ್ತು. ಇವರು "ಅಮ್ಮಾ!" ಎಂದು ಕೂಗುತ್ತಾ ಹಿಂದೆ ಓಡಿದರು. ಅತ್ತೆ ಕಣ್ಣು ಬಿಟ್ಟು ಮಗ ಓಡಿ ಬರುವುದನ್ನು ಕಂಡು, ನಾನೇ ಜೀಪು ಬಿಡುತ್ತಿದ್ದೇನೆಂದುಕೊಂಡರು.

"ಹೆಣೆ, ನಿಲ್ಸ್! ಗಂಡನ್ನ ಬಿಟ್ಟಿಕ್ಕೆ ಹೋತ್ಯಲೆ!"

ಅಷ್ಟರಲ್ಲಿ ಮಗನ ಹಿಂದೆ ನಾನೂ ಓಡಿಬರುವುದು ಕಂಡಿತು. ಅತ್ತೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ತಿರುಗಿ ಖಾಲಿ ಸೀಟು ನೋಡಿದರು. ಆಮೇಲೆ ಅವರು ಹಾಕಿದ ಬೊಬ್ಬೆ ಸಮುದ್ರಕ್ಕೂ ಕೇಳಿರಬೇಕು.

ಜೀಪು ಇಳಿಜಾರು ಇಳಿದು, ನೆಂಟರ ಅಂಗಳ ಹೊಕ್ಕು, ಹುಲ್ಲು ಕುತ್ರಿಗೆ ಮೂತಿ ಹುಗಿದು ನಿಂತಿತು. ಕಾಲಿಗೆ ನೀರು ಹಿಡಿದು ಬಂದ ಮನೆಯೊಡತಿ ಚೆಂಬು ಹಿಡಿದೇ ಜೀಪಿಗೆ ಒಂದು ಸುತ್ತು ಬಂದಳು. ಡ್ರೈವರ್ ಎಲ್ಲಿ ಎಂದು ಜೀಪಿನಡಿ ಸಹ ಹುಡುಕಿದಳು.

ನಾವಿಬ್ಬರೂ ಏದುಸಿರು ಬಿಡುತ್ತಾ ಅಂಗಳ ಮುಟ್ಟುವ ಹೊತ್ತಿಗೆ ಅತ್ತೆ ತಲೆಯ ಹುಲ್ಲು ಕೊಡವಿಕೊಂಡು ಜೀಪಿನಿಂದ ಇಳಿಯುತ್ತಿದ್ದರು.

"ಅತ್ತಿಗೆ, ಗಾಡಿ ಬಿಟ್ಕಂಡ್ ಬಂದದ್ ಯಾರ್?" ಆಕೆ ಕೇಳಿದಳು.

"ಯಾರೂ ಇಲ್ಲೆ ಮಾರಾಯ್ತಿ, ನಾನೊಬ್ಳೇ ಬಂದೆ," ಅಂದರು ಅತ್ತೆ, ನಮ್ಮತ್ತ ಕೈ ತೋರಿಸಿ. "ಅವ್ರಿಬ್ರ್ ನಡ್ಕಂಡ್ ಬತ್ತ್ರಂತೆ."