ಬೆಳಕು ಕಾಣತೈತೇನು?

ನನಗೆ ಆಗ ಹತ್ತೊಂಬತ್ತು. ಐವತ್ತು ವರ್ಷದ ಹಿಂದಿನ ಮಾತು. ಹಾನಗಲ್ಲಿನ ತಾಂತ್ರಿಕ ಕಾಲೇಜಿನಲ್ಲಿ ಉಳಿದವರೆಲ್ಲ ಕಬ್ಬಿಣದಿಂದ ಏನಾದರೊಂದು ಮಾಡುವುದನ್ನು ಕಲಿಯುತ್ತಿದ್ದರು. ನಮ್ಮ ಮನೆಯವರೊಬ್ಬರೇ ಕಬ್ಬಿಣವನ್ನು ಇಲ್ಲದಂತೆ ಮಾಡುವುದನ್ನು ಕಲಿಯುತ್ತಿದ್ದರು. ಹೆಸರು ಹೇಳುವುದಿಲ್ಲ. ಐವತ್ತು ವರ್ಷ ಬಾಯಲ್ಲಿ ಬಾರದ ಗಂಡನ ಹೆಸರು ಈಗ ಕೈಯಲ್ಲಿ ಬಂದೀತೆ? ಇದನ್ನು ಬರೆಯುವಾಗಲೂ ಪಕ್ಕದಲ್ಲೇ ಕುಂತು, ನನ್ನ ಸಾಲು ಬಲಕ್ಕೆ ಇಳಿಯುತ್ತಿದೆ ಎಂದು ಬೆರಳು ತೋರಿಸುತ್ತಿದ್ದಾರೆ. ಮೂರನೇ ಇಯತ್ತೆ ಓದಿದವಳ ಸಾಲು ಇಳಿಯದೆ ಏನು ಮಾಡೀತು?

ಅವರದು ಫಿಟ್ಟರ್ ಕೋರ್ಸು. ಮೊದಲ ಕೆಲವು ತಿಂಗಳು ಬರೀ ಉಜ್ಜುವ ಕೆಲಸ. ಒಂದು ಕಬ್ಬಿಣದ ತುಂಡು ಕೊಡುತ್ತಾರೆ. ಅರ ಹಿಡಿದು ಅದರ ಮೈಯೆಲ್ಲ ಉಜ್ಜಿ ಸಮ ಮಾಡಬೇಕು. ಸಮವಾಯಿತೋ ಇಲ್ಲವೋ ಎಂದು ತಿಳಿಯಲು ಮೂಲೆಮಟ್ಟವೆಂಬ ಉಕ್ಕಿನ ಪಟ್ಟಿಯನ್ನು ಅದರ ಮೇಲಿಟ್ಟು ಕಿಟಕಿಯ ಕಡೆ ಹಿಡಿದು ನೋಡುತ್ತಾರೆ. ನಡುವೆ ಬೆಳಕು ಕಂಡರೆ ಇನ್ನೂ ಉಜ್ಜುವುದಿದೆ ಎಂದರ್ಥ. ಉಳಿದವರು ಕೂದಲೆಳೆಯಷ್ಟು ಬೆಳಕಿದ್ದರೂ ತುಂಡನ್ನು ಕೊಟ್ಟು ಚಹಾಕ್ಕೆ ಹೋಗುತ್ತಿದ್ದರು. ಇವರು ಈ ಕಡೆ ಉಜ್ಜಿದರೆ ಆ ಕಡೆ ಬೆಳಕು, ಆ ಕಡೆ ಉಜ್ಜಿದರೆ ಈ ಕಡೆ. ಅಂಗೈ ತುಂಬುತ್ತಿದ್ದ ತುಂಡು ದೀಪಾವಳಿಯ ಹೊತ್ತಿಗೆ ಬಿಸ್ಕಿಟ್ಟಿನಷ್ಟಾಗಿತ್ತು.

"ಏ ತಮ್ಮಾ, ನಾ ನಿನಗ ಕೊಟ್ಟಿದ್ದು ಕಬ್ಬಿಣ. ಸಾಬೂನಲ್ಲ" ಎಂದರಂತೆ ಕಲಿಸುವ ಮಾಸ್ತರರು.

ಮೂಲೆಮಟ್ಟ ಕಾಲೇಜಿನಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಇವರು ತಮ್ಮದೇ ಒಂದನ್ನು ಕೊಂಡು ಮನೆಗೆ ತಂದರು. ನಮ್ಮದು ಒಂದೇ ಖೋಲಿಯ ಬಾಡಿಗೆ ಮನೆ. ಅದರ ನಾಲ್ಕೂ ಮೂಲೆಗೆ ಇಟ್ಟು ನೋಡಿ, ಒಂದೂ ಸರಿಯಿಲ್ಲವೆಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಅದನ್ನು ನನ್ನ ರೊಟ್ಟಿಗೆ ಹಿಡಿದರು.

"ಈ ಕಡೆ ದಪ್ಪ ಐತಿ."

"ದಪ್ಪ ಕಡಿಂದ ತಿನ್ನಾಕ ಚಾಲೂ ಮಾಡ್ರಿ. ತೆಳ್ಳಗಿನ ಕಡೆ ಬರೂದರಾಗ ಹೊಟ್ಟಿ ತುಂಬತೈತಿ" ಎಂದೆ.

ಒಂದು ಭಾನುವಾರ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಒಲೆಯೇ ಇರಲಿಲ್ಲ. ಮೂರೂ ಒಲೆಗುಂಡನ್ನು ಅಂಗಳಕ್ಕೆ ಹೊತ್ತು ತಂದು ಒಂದಕ್ಕೊಂದು ಉಜ್ಜುತ್ತಾ ಕುಂತಿದ್ದರು. ರೊಟ್ಟಿ ಸುಡುವ ಹಂಚು ವಾಲುತ್ತದಂತೆ, ಮೂರನ್ನೂ ಸಮ ಮಾಡುತ್ತಾರಂತೆ. ಸಂಜೆಯ ಹೊತ್ತಿಗೆ ಎರಡು ಸಮವಾಗಿದ್ದವು, ಮೂರನೆಯದು ಸವೆದು ಗಿಡ್ಡವಾಗಿತ್ತು. ಆ ದಿನ ಮಂಡಕ್ಕಿ ತಿಂದು ಮಲಗಿದೆವು. ಅಂದಿನಿಂದ ಆ ಗಿಡ್ಡ ಗುಂಡಿನ ಕೆಳಗೆ ಮಡಕೆಯ ಚೂರು ತುರುಕಿ ಅಡಿಗೆ ಮಾಡುವುದೇ ನನ್ನ ಪಾಲಿಗೆ ಬಂತು.

ಗಿಡ್ಡವಾದರೂ ಅದು ನನ್ನ ಒಲೆ. ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಂಡನ ಮನೆ ಮಾಸೂರಿನಲ್ಲಿ. ಅಲ್ಲಿ ಒಲೆ ಅತ್ತೆಯದು, ಸೊಸೆಯರು ನಾಲ್ವರು, ನಾನು ಕಡೆಯವಳು. ಎಲ್ಲರ ಊಟವಾದ ಮೇಲೆ ಉಳಿದದ್ದು ನನಗೆ. ಹಾನಗಲ್ಲಿನಲ್ಲಿ ನನಗೆ ಬೇಕಾದಾಗ ಬೆಂಕಿ ಹಚ್ಚಿ, ಬಿಸಿಯಿದ್ದಾಗಲೇ ತಿನ್ನುತ್ತಿದ್ದೆ. ಹೀಗಾಗಿ ಅವರು ಪಾಸಾಗುವುದು ಅವರಿಗಿಂತ ನನಗೆ ಹೆಚ್ಚು ಬೇಕಾಗಿತ್ತು.

ಪಾಸಾಗುವುದೆಲ್ಲಿ ಬಂತು? ಕಡೆಯ ಪರೀಕ್ಷೆಯಲ್ಲಿ ಒಂದು ಕಬ್ಬಿಣದ ಹಲಗೆಯಲ್ಲಿ ಚೌಕ ತೂತು ಮಾಡಿ, ಅದರಲ್ಲಿ ಬಿಗಿಯಾಗಿ ಕೂಡುವ ಚೌಕ ತುಂಡು ಮಾಡಿ ಕೊಡಬೇಕು. ಮೊದಲನೆಯ ಸಲ ಇವರು ಉಜ್ಜಿ ಉಜ್ಜಿ, ತುಂಡು ತೂತಿನಿಂದ ಜಾರಿ ನೆಲಕ್ಕೆ ಬಿದ್ದು ಉರುಳಿತು. ಎರಡನೆಯ ಸಲ ಹೊತ್ತು ಮುಗಿದು ಬಾಗಿಲು ಹಾಕಲು ಬಂದರೂ ಇವರ ಕೈಯಲ್ಲಿ ಅರ ಇತ್ತು. ಕೊಡಲೇ ಇಲ್ಲ.

ಮಾಸೂರಿನಿಂದ ಮಾವ ಬಂದರು. ಉಂಡರು, ಕೈ ತೊಳೆದರು, ಆಮೇಲೆ ಮಗನಿಗೆ ಹೇಳಿದರು: "ಎರಡು ಸಲ ಆತು. ಮೂರನೇದೂ ಹಿಂಗ ಆತಂದ್ರ ಖೋಲಿ ಬಿಟ್ಟು ಊರಿಗೆ ಬರ್ರಿ. ಭತ್ತದ ನಾಟಿಗೆ ಯಾರೂ ಮೂಲೆಮಟ್ಟ ಹಿಡದು ನೋಡಂಗಿಲ್ಲ."

ಮರುದಿನದಿಂದ ನಾನೂ ಕಾಲೇಜು ಕಲಿತೆ ಎಂದೇ ಹೇಳಬೇಕು. ಸಂಜೆ ಇವರು ಬಾಗಿಲಲ್ಲಿ ಕುಂತು ಉಜ್ಜುವುದು, ನಾನು ಒಳಗಿನಿಂದ ಅದನ್ನು ಹೊರಗಿನ ಬೆಳಕಿಗೆ ಹಿಡಿದು ನೋಡುವುದು.

"ಬೆಳಕು ಕಾಣತೈತೇನು?"

"ಕಾಣತೈತ್ರಿ, ಕೂದಲಷ್ಟು."

ಹಾಗೆಂದರೆ ಮತ್ತೆ ಉಜ್ಜಿ ಕೆಡಿಸುತ್ತಿದ್ದರು. ಮೂರು ತುಂಡು ಹಾಳಾದ ಮೇಲೆ ನನಗೆ ಬುದ್ಧಿ ಬಂತು. ತುಂಡು ಬಿಗಿಯಾಗಿ ಕೂಡುತ್ತಿದ್ದಂತೆ ಬೆಳಕಿದ್ದರೂ "ಇಲ್ರಿ" ಎನ್ನತೊಡಗಿದೆ. ಅರ್ಧ ಮಿಲಿಮೀಟರಿನ ಗೆರೆ ಓದುವುದನ್ನೂ ಕಲಿತೆ, ಬಿಡಿ. ಆದರೆ ಕೆಲಸಕ್ಕೆ ಬಂದದ್ದು ಆ ಸುಳ್ಳೇ.

ಮೂರನೆಯ ಪರೀಕ್ಷೆಯ ದಿನ ಬುತ್ತಿ ಕೊಡುವ ನೆಪದಲ್ಲಿ ಹೋದೆ. ವರ್ಕ್‌ಶಾಪಿನ ಹಿಂದಿನ ಕಿಟಕಿ ಎತ್ತರದಲ್ಲಿತ್ತು. ಹಿತ್ತಲಲ್ಲಿ ಒಡಕು ಇಟ್ಟಂಗಿಗಳ ರಾಶಿ. ಎರಡನ್ನು ಒಂದರ ಮೇಲೊಂದು ಇಟ್ಟು ಏರಿ ನಿಂತೆ. ಮಾಸ್ತರರು ನೋಡಿ ಕಿಟಕಿಯ ಹತ್ತಿರ ಬಂದರು.

"ಯವ್ವಾ, ಪರೀಕ್ಷಾ ಅವಂದೋ ನಿಂದೋ?"

"ಇಬ್ಬರದೂ ಐತ್ರಿ."

"ನಿಂದರು ಮತ್ತ. ಬಾಯಿ ಮಾತ್ರ ತೆರೀಬ್ಯಾಡ."

ಮಧ್ಯಾಹ್ನ ಕಳೆಯಿತು. ಒಬ್ಬೊಬ್ಬರೇ ತಮ್ಮ ತುಂಡು ಕೊಟ್ಟು ಹೊರಬಿದ್ದರು. ಕಡೆಗೆ ಉಳಿದವರು ಇವರೊಬ್ಬರೇ. "ಹತ್ತು ನಿಮಿಷ ಐತಿ" ಎಂದರು ಮಾಸ್ತರರು. ಇವರು ತುಂಡನ್ನು ತೂತಿನಲ್ಲಿ ಕೂಡಿಸಿದರು. ಸರಿಯಾಗಿ ಕೂಡಿತು. ಎತ್ತಿ ಕಿಟಕಿಯ ಕಡೆ ಹಿಡಿದು ನೋಡಿದರು. ಮುಖ ಗಂಟಾಯಿತು. ಕೈ ಅರದ ಕಡೆ ಹೋಯಿತು. ನನ್ನ ಒಲೆ ಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಬೆಳಕು ಇಲ್ಲ, ಕಾಣುವುದಿಲ್ಲ. ನಾನಿದ್ದದ್ದು ಬಿಸಿಲಿನಲ್ಲಿ, ಹಲಗೆಯ ಆಚೆ ಇದ್ದದ್ದು ವರ್ಕ್‌ಶಾಪಿನ ಕತ್ತಲು. ಸಂದಿಯಲ್ಲಿ ಬೆಳಕು ಕಾಣುವುದಿದ್ದರೆ ಅವರಿಗೆ ಕಾಣಬೇಕು, ನನಗೆ ಕಂಡೀತು ಹೇಗೆ? ಆದರೂ ಅಲ್ಲಾಡಿಸಿದೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು, ಕಿಟಕಿಯಲ್ಲಿ ಅತ್ತಿತ್ತ ವಾಲುತ್ತಿದ್ದ ನನ್ನ ಭುಜದ ಕಡೆ ನೋಡಿದರು. ಅರ ಬಿಟ್ಟರು. ತುಂಡನ್ನು ಒಯ್ದು ಮಾಸ್ತರರ ಮೇಜಿನ ಮೇಲೆ ಇಟ್ಟರು.

ಪಾಸಾದರು. ಸುದ್ದಿ ಬಂದದ್ದು ಎಷ್ಟೋ ದಿನದ ಮೇಲೆ. ಆಮೇಲೆ ಶಿಗ್ಗಾವಿಯಲ್ಲಿ ಪಂಪು ರಿಪೇರಿಯ ಅಂಗಡಿ ಹಾಕಿ, ಸೋಮವಾರ ಕೇಳಿದ ಬೋಲ್ಟನ್ನು ಗುರುವಾರ ಕೊಡುತ್ತಾ ನಲವತ್ತು ವರ್ಷ ದುಂಡಸಿಯ ರೈತರ ಬೈಗುಳ ತಿಂದರು. ಅವರು ಮಾಡಿದ ಬೋಲ್ಟು ಒಂದೂ ಸಡಿಲಾಗಲಿಲ್ಲ ಎನ್ನುವುದೂ ನಿಜ.

ಆದರೆ ಪರೀಕ್ಷೆ ಮುಗಿದ ಆ ಸಂಜೆ, ಫಲಿತಾಂಶ ಏನೆಂದು ಗೊತ್ತಿಲ್ಲದೆ ಇಬ್ಬರೂ ಖೋಲಿಯ ಕಡೆ ನಡೆಯುತ್ತಿದ್ದೆವು. ಅರ್ಧ ದಾರಿ ಕಳೆಯಿತು. ಆಮೇಲೆ ಅವರೇ ಅಂದರು.

"ಬೆಳಕು ಇತ್ತು."

ನಾನು ಖಾಲಿ ಬುತ್ತಿಯ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ನೀ ನಿಂತ ಕಡಿಂದ ಅದು ಕಾಣಂಗಿಲ್ಲ. ಅಷ್ಟೂ ತಿಳಿಯಂಗಿಲ್ಲೇನು ನನಗ? ಮನ್ಯಾಗೂ ನೀ ಸುಳ್ಳ ಹೇಳತಿದ್ದಿ. ಅದೂ ಗೊತ್ತಿತ್ತು."

"ಗೊತ್ತಿದ್ರ ಯಾಕ ಕೊಟ್ರಿ ಮತ್ತ?"

"ನಿನ್ನ ಕಾಲಾಗಿನ ಇಟ್ಟಂಗಿ ಸಮ ಇರಲಿಲ್ಲ. ಮಧ್ಯಾಹ್ನದಿಂದ ಕಿಟಕ್ಯಾಗ ನಿನ್ನ ಮೈ ವಾಲಾಕತ್ತಿತ್ತು. ನಾ ಇನ್ನ ಉಜ್ಜಕೋಂತ ಕುಂತಿದ್ರ ನೀ ಇಳೀತಿದ್ದಿಲ್ಲ, ಬೀಳತಿದ್ದಿ."

ಅಷ್ಟೇ ಹೇಳಿದರು. ಕಣ್ಣಲ್ಲಿ ನೀರು ತರುವ ಜಾತಿಯವಳಲ್ಲ ನಾನು.

ಮರುದಿನ ಮುಂಜಾನೆ ಅವರು ಏಳುವ ಮೊದಲು ಕಾಲೇಜಿನ ಹಿತ್ತಲಿಗೆ ಹೋದೆ. ಆ ಸೊಟ್ಟ ಇಟ್ಟಂಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದು, ಗಿಡ್ಡ ಗುಂಡು ತೆಗೆದು ಅದರ ಜಾಗದಲ್ಲಿಟ್ಟೆ. ಹಂಚು ಸ್ವಲ್ಪ ವಾಲಿತು, ವಾಲಲಿ. ಮೂಲೆಮಟ್ಟವನ್ನು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಹೂತಿಟ್ಟೆ. ಆಮೇಲೆ ಬೆಂಕಿ ಹಚ್ಚಿ ರೊಟ್ಟಿ ತಟ್ಟಲು ಕುಂತೆ.